ಪಿಗ್ಮಿ ಪುಸ್ತಕದಿಂದ ಮೊಬೈಲಿಗೆ: ಮಲ್ಪೆಯ ಒಂದು ಮಳೆಗಾಲ

ಒಂದೂವರೆ ಗಂಟೆಯ ಆನ್‌ಲೈನ್ ತರಬೇತಿ ಮುಗಿಸಿ "ಎಲ್ಲರಿಗೂ ಅರ್ಥವಾಯಿತೇ?" ಎಂದು ಕೇಳಿದೆ. 31 ಮಂದಿಯೂ "ಆಯಿತು ಮೇಡಂ" ಎಂದರು. ನಾನು ನಂಬಿದೆ. ಅದು 2021ರ ಮೇ, ಎರಡನೆಯ ಲಾಕ್‌ಡೌನಿನ ದಿನಗಳು. ಉಡುಪಿಯ ಒಂದು ಪತ್ತಿನ ಸಹಕಾರಿ ಸಂಘದ ಪ್ರಧಾನ ಕಚೇರಿಯಲ್ಲಿ ಗಣಕ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ನನಗೆ, ನಿತ್ಯನಿಧಿ, ಅಂದರೆ ಪಿಗ್ಮಿ ಉಳಿತಾಯದ ಹಣವನ್ನು ದಿನವೂ ಗ್ರಾಹಕರ ಬಾಗಿಲಿಗೆ ಹೋಗಿ ಪಡೆಯುವ ಸಂಗ್ರಾಹಕರೆಲ್ಲರೂ ಮನೆಯಲ್ಲಿದ್ದ ಆ ಬಿಡುವಿನಲ್ಲಿ ಅವರನ್ನು ಕಾಗದದ ಪುಸ್ತಕದಿಂದ ಮೊಬೈಲ್ ಆ್ಯಪ್‌ಗೆ ದಾಟಿಸುವ ಕೆಲಸ ಬಂದಿತ್ತು.

ಜೂನ್ ಕೊನೆಯಲ್ಲಿ ಅಂಗಡಿಗಳು ತೆರೆದವು. ಸಂಗ್ರಾಹಕರು ಸೊಂಟಕ್ಕೆ ಸಣ್ಣ ಬ್ಲೂಟೂತ್ ಪ್ರಿಂಟರ್ ಕಟ್ಟಿಕೊಂಡು ಲೈನಿಗೆ, ಅಂದರೆ ದಿನದ ಸಂಗ್ರಹದ ದಾರಿಗೆ ಹೊರಟರು. ಮೂರನೆಯ ದಿನ ಸಂಜೆ ಶಾಖೆಗಳಿಂದ ಲೆಕ್ಕ ತರಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ಹಳೆಯ ಪುಸ್ತಕದಲ್ಲೇ ಬರೆದುಕೊಂಡು ಬಂದಿದ್ದರು. ಕೆಲವರು ಶಾಖೆಯ ಹುಡುಗರ ಕೈಗೆ ಫೋನ್ ಕೊಟ್ಟು ಸಂಜೆ ಒಟ್ಟಿಗೆ ತುಂಬಿಸಿದ್ದರು. ಇದು ಕಾಗದಕ್ಕಿಂತಲೂ ಅಪಾಯ. ಹಣ ಕೊಟ್ಟ ಕ್ಷಣದಲ್ಲೇ ಗ್ರಾಹಕರಿಗೆ ಚೀಟಿ ಸಿಗಬೇಕೆಂಬ ಉದ್ದೇಶವೇ ಅಲ್ಲಿ ಹಾಳಾಗಿತ್ತು.

ಕಚೇರಿಯಲ್ಲಿ ಬಂದ ಮೊದಲ ಮಾತು "ವಯಸ್ಸಾದವರಿಗೆ ಇದೆಲ್ಲ ಆಗುವುದಿಲ್ಲ" ಎಂಬುದು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಅದೇ ಹಿರಿಯರು ಮೊಮ್ಮಕ್ಕಳೊಂದಿಗೆ ವಿಡಿಯೋ ಕರೆಯಲ್ಲಿ ಮಾತನಾಡುತ್ತಿದ್ದರು, ಯಕ್ಷಗಾನದ ವಿಡಿಯೋಗಳನ್ನು ಹುಡುಕಿ ನೋಡುತ್ತಿದ್ದರು. ಫೋನು ಅವರಿಗೆ ಹೊಸತಾಗಿರಲಿಲ್ಲ. ಹಾಗಾದರೆ ತೊಡಕು ಎಲ್ಲಿ? ತಿಳಿಯಲು ಮಲ್ಪೆ ಕಡೆಯ ಹಿರಿಯ ಸಂಗ್ರಾಹಕರೊಬ್ಬರ ಜೊತೆ ಎರಡು ದಿನ ಲೈನಿಗೆ ಹೋದೆ. ನಾವೆಲ್ಲರೂ ಅವರನ್ನು ಅಣ್ಣ ಎಂದೇ ಕರೆಯುವುದು.

ಬೆಳಿಗ್ಗೆ ಏಳಕ್ಕೆ ಜಿಟಿಜಿಟಿ ಮಳೆ. ಅಣ್ಣನ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಫೋನು. ಒಣಮೀನು ಮಾರುವ ಮಹಿಳೆಯೊಬ್ಬರು ಸೆರಗಿನ ಗಂಟು ಬಿಚ್ಚಿ ಐವತ್ತರ ನೋಟು ಕೊಟ್ಟರು. ಅಣ್ಣ ಆ್ಯಪ್ ತೆರೆದರು. ಹೆಸರುಗಳು ಖಾತೆ ಸಂಖ್ಯೆಯ ಕ್ರಮದಲ್ಲಿದ್ದವು. ಆಕೆಯ ಹೆಸರು ಎಲ್ಲೋ ಕೆಳಗೆ. ಒದ್ದೆ ಬೆರಳಿಗೆ ಪರದೆ ಸರಿಯಾಗಿ ಜರುಗಲಿಲ್ಲ. ಹೆಸರು ಸಿಕ್ಕಿ, ಮೊತ್ತ ಒತ್ತಿದ ಮೇಲೆ ಪ್ರಿಂಟರಿನಿಂದ ಚೀಟಿ ಬರಲಿಲ್ಲ. ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಬಂದು ನಿಂತಿದ್ದರು. ಅಣ್ಣ ಸುಮ್ಮನೆ ಜೇಬಿನಿಂದ ಪೆನ್ನು ತೆಗೆದು ಆಕೆಯ ಕಾರ್ಡಿನಲ್ಲಿ ಬರೆದು, ಮುಂದಕ್ಕೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ಹೇಳಿದರು: "ಇಪ್ಪತ್ತೆರಡು ವರ್ಷದಿಂದ ಅವರು ನನ್ನ ಕೈಗೆ ದುಡ್ಡು ಕೊಡುತ್ತಿದ್ದಾರೆ ಮೇಡಂ. ನಾನು ತಡವರಿಸುವುದನ್ನು ಅವರು ನೋಡಿದ್ದು ಇವತ್ತೇ."

ಉಡುಪಿಯಲ್ಲಿ ಈ ಮಾತಿನ ತೂಕ ಬೇರೆ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಠೇವಣಿ ಶುರುಮಾಡಿದ್ದು ಇದೇ ನೆಲದಲ್ಲಿ. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಪಿಗ್ಮಿ ಎಂಬ ಪದ ಊರಿನ ಬಾಯಲ್ಲಿ ಹಾಗೆಯೇ ಉಳಿದಿದೆ; ನಾವು ನಿತ್ಯನಿಧಿ ಎಂದು ಅಚ್ಚು ಹಾಕಿಸಿದರೂ ಜನರು ಹೇಳುವುದು ಪಿಗ್ಮಿ ಎಂದೇ. ಇಡೀ ಪದ್ಧತಿ ನಿಂತಿರುವುದು ದಿನವೂ ಬಾಗಿಲಿಗೆ ಬರುವ ಒಬ್ಬ ಮನುಷ್ಯನ ಮೇಲಿನ ವಿಶ್ವಾಸದಲ್ಲಿ. ಆ ಮನುಷ್ಯನನ್ನು ಅವರ ಗ್ರಾಹಕರ ಎದುರೇ ಹೊಸ ವಿದ್ಯಾರ್ಥಿಯನ್ನಾಗಿ ನಿಲ್ಲಿಸಿದ್ದೆ. ತಪ್ಪು ನನ್ನದೇ.

ಮರುದಿನವೇ ಆ್ಯಪ್ ಬಳಕೆಯನ್ನು ನಿಲ್ಲಿಸಿ ಎಂದು ಕೇಳಿಕೊಂಡೆ. ವ್ಯವಸ್ಥಾಪಕರಿಗೆ ಬೇಸರವಾಯಿತು, ಆದರೂ ಆಗಸ್ಟ್ ತನಕ ಸಮಯ ಕೊಟ್ಟರು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಬಂದರಿನಲ್ಲಿ ಕಟ್ಟಿರುತ್ತವೆ, ಮಂಜುಗಡ್ಡೆ ಕಾರ್ಖಾನೆಯಿಂದ ಹಿಡಿದು ಚಹಾದಂಗಡಿಯವರೆಗೆ ಎಲ್ಲರ ಕೈಯೂ ಬಿಗಿ. ಪಿಗ್ಮಿ ಸಂಗ್ರಹವೂ ಇಳಿಯುತ್ತದೆ. ಮಲ್ಪೆ, ಕಲ್ಮಾಡಿ ಕಡೆಯ ಸಂಗ್ರಾಹಕರಿಗೆ ವರ್ಷದಲ್ಲಿ ಬಿಡುವು ಸಿಗುವುದು ಆಗ ಮಾತ್ರ. ಕಲಿಸುವುದಿದ್ದರೆ ಜುಲೈಯಲ್ಲೇ ಕಲಿಸಬೇಕಿತ್ತು.

ಮೊದಲು ಸರಿಪಡಿಸಿದ್ದು ಹೆಸರುಗಳ ಕ್ರಮವನ್ನು. ಸಂಗ್ರಾಹಕರ ತಲೆಯಲ್ಲಿ ಗ್ರಾಹಕರು ಇರುವುದು ಬೀದಿಯ ಕ್ರಮದಲ್ಲಿ: ಬಸ್ ನಿಲ್ದಾಣದ ಹೂವಿನವರು, ಪಕ್ಕದ ಸೆಲೂನು, ಅದರಾಚೆ ಜಿನಸಿನಂಗಡಿ, ಹೀಗೆ. ಆ್ಯಪ್ ತಯಾರಿಸಿದವರು ಬದಲಾವಣೆಗೆ ಮೂರು ವಾರ ಕೇಳಿದರು. ಅಷ್ಟು ದಿನ ಕಾಯುವಂತಿರಲಿಲ್ಲ. ಪ್ರತಿ ಸಂಗ್ರಾಹಕರನ್ನೂ ಫೋನಿನಲ್ಲಿ ಕೂರಿಸಿಕೊಂಡು, ಅವರು ನಡೆಯುವ ದಾರಿಯನ್ನು ಹೇಳಿಸಿಕೊಂಡು, ಹೆಸರಿನ ಮುಂದೆ 001, 002 ಎಂದು ಸಂಖ್ಯೆ ಸೇರಿಸಿ, ಪಟ್ಟಿ ಹೆಸರಿನ ಕ್ರಮದಲ್ಲಿ ಬರುವಂತೆ ಮಾಡಿದೆವು. ಅಣ್ಣ 140 ಹೆಸರುಗಳನ್ನು ಪುಸ್ತಕ ನೋಡದೆ ಹೇಳಿದರು. ಎರಡು ಕಡೆ ಮಾತ್ರ ನಿಲ್ಲಿಸಿ, "ಇವರು ಮಧ್ಯಾಹ್ನದ ನಂತರ, ಕೊನೆಗೆ ಹಾಕಿ" ಎಂದರು. ಆ ಪಟ್ಟಿ ತಯಾರಾದ ದಿನ ಅವರು ತಾವಾಗಿಯೇ ಆ್ಯಪ್ ತೆರೆದು, ಮೇಲಿನಿಂದ ಕೆಳಗೆ ಎರಡು ಸಲ ಜರುಗಿಸಿ ನೋಡಿದರು. ನನ್ನ ಒಂದೂವರೆ ಗಂಟೆಯ ಪಾಠ ಮಾಡದ ಕೆಲಸವನ್ನು ಆ ಪಟ್ಟಿ ಮಾಡಿತ್ತು.

ಎರಡನೆಯದು ತಪ್ಪು ಮಾಡುವ ಅವಕಾಶ. 50ರ ಬದಲು 500 ಎಂದು ಒತ್ತಿ ಚೀಟಿ ಕೊಟ್ಟ ಮೇಲೆ ಸಂಗ್ರಾಹಕರು ಅದನ್ನು ಅಳಿಸಲಾಗದು; ಶಾಖೆಯಲ್ಲಿ ತಿರುವು ನಮೂದು, ಅಂದರೆ ತಪ್ಪು ನಮೂದನ್ನು ರದ್ದಾಗಿಸುವ ಎದುರು ನಮೂದು ಮಾಡಬೇಕು. ಲೆಕ್ಕದ ದೃಷ್ಟಿಯಿಂದ ಅದು ಸರಿ, ಹಾಗೆಯೇ ಇರಬೇಕು. ಆದರೆ ಕಲಿಯುವವರಿಗೆ ಅದೇ ಭಯ. ಆದ್ದರಿಂದ ನಿಜವಾದ ಖಾತೆಗಳಿಗೆ ಸಂಬಂಧವೇ ಇಲ್ಲದ ಅಭ್ಯಾಸದ ಆ್ಯಪ್ ಒಂದನ್ನು ಎಲ್ಲರ ಫೋನಿಗೂ ಹಾಕಿಸಿದೆವು. ಬಣ್ಣ ಬೇರೆ ಇಟ್ಟೆವು, ಎರಡೂ ಅದಲುಬದಲಾಗಬಾರದು ನೋಡಿ. ದಿನಕ್ಕೊಂದು ತಪ್ಪನ್ನು ಬೇಕೆಂದೇ ಮಾಡಬೇಕು ಎಂಬುದು ನಿಯಮ: ಒಂದು ದಿನ ಮೊತ್ತ ತಪ್ಪು, ಇನ್ನೊಂದು ದಿನ ಖಾತೆ ತಪ್ಪು, ಮತ್ತೊಂದು ದಿನ ನಡುವೆ ಪ್ರಿಂಟರ್ ಆರಿಸುವುದು, ಫೋನಿನ ಡೇಟಾ ಆಫ್ ಮಾಡಿ ಹಣ ಪಡೆಯುವುದು. ತಪ್ಪಿನ ನಂತರ ಮುಂದೇನು ಎಂಬುದನ್ನು ಅವರವರೇ ಕಂಡುಕೊಂಡು ವಾಟ್ಸ್‌ಆ್ಯಪ್ ಗುಂಪಿಗೆ ಧ್ವನಿ ಸಂದೇಶ ಕಳುಹಿಸಬೇಕು. ನನ್ನಿಂದ ಉತ್ತರ ಹೋಗುವ ಮೊದಲೇ ಇನ್ನೊಬ್ಬ ಸಂಗ್ರಾಹಕರ ಉತ್ತರ ಬರತೊಡಗಿತು. ನಾನು ಬೇಕೆಂದೇ ಅರ್ಧ ಗಂಟೆ ತಡಮಾಡಿ ಗುಂಪನ್ನು ನೋಡುವುದನ್ನು ರೂಢಿಸಿಕೊಂಡೆ.

ಸಮಯವನ್ನೂ ಬದಲಿಸಿದೆ. ಮೊದಲ ತರಬೇತಿ ಬೆಳಿಗ್ಗೆ ಹನ್ನೊಂದಕ್ಕೆ ಇತ್ತು, ಕಚೇರಿಗೆ ಅನುಕೂಲ ಎಂದು. ಸಂಗ್ರಾಹಕರು ಬೆಳಗಿನ ಹಣ ಶಾಖೆಗೆ ಕಟ್ಟಿ, ಊಟ ಮುಗಿಸಿ ಕೂರುವುದು ಮೂರು ಗಂಟೆಗೆ. ಮೂರೂಕಾಲಿಗೆ ಇಪ್ಪತ್ತು ನಿಮಿಷ, ಐದೈದು ಮಂದಿಯ ತಂಡ, ಅಷ್ಟೇ. ಮಳೆಗೆ ವಿದ್ಯುತ್ ಹೋದ ದಿನ ಮರುದಿನಕ್ಕೆ.

ಭಾಷೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ನಾನು ಅಚ್ಚುಕಟ್ಟಾದ ಕನ್ನಡದಲ್ಲಿ ಮಾಡಿದ್ದ ವಿಡಿಯೋಗಳನ್ನು ಯಾರೂ ಕೊನೆಯವರೆಗೆ ನೋಡಿರಲಿಲ್ಲ. ಕೆಲಸದ ನಡುವೆ ಇಲ್ಲಿ ಮಾತನಾಡುವುದು ತುಳುವಿನಲ್ಲಿ, ಬ್ರಹ್ಮಾವರ ದಾಟಿದರೆ ಕುಂದಾಪ್ರ ಕನ್ನಡದಲ್ಲಿ. ಹೊಸ ವಿಡಿಯೋಗಳನ್ನು ಸಂಗ್ರಾಹಕರೇ ಮಾಡಿದರು, ಎರಡು ನಿಮಿಷ ಮೀರದಂತೆ. ಶೀರ್ಷಿಕೆಗಳೂ ಅವರವೇ: "ಚೀಟಿ ಬೈದಿಜಿ", "ನೆಟ್‌ವರ್ಕ್ ಇಜ್ಜಿ". ಚೀಟಿ ಬಂದಿಲ್ಲ, ನೆಟ್‌ವರ್ಕ್ ಇಲ್ಲ ಎಂದು ಅರ್ಥ. ತೊಂದರೆಯಾದಾಗ ಬಾಯಿಗೆ ಬರುವ ಮಾತೇ ಶೀರ್ಷಿಕೆಯಾದ್ದರಿಂದ ಹುಡುಕುವುದು ಸುಲಭವಾಯಿತು. ಆ್ಯಪ್‌ನೊಳಗಿನ ಇಂಗ್ಲಿಷ್ ಗುಂಡಿಗಳಿಗೂ ಕನ್ನಡ ಹಾಕಿಸಿದೆವು. ನಮ್ಮ ಗುಮಾಸ್ತರು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಕೊಟ್ಟ ಪದಗಳು ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಂಡು ಒಂದು ದಿನ ಹಾಳಾಯಿತು. ಫೋನುಗಳು ಓದಬಲ್ಲ ಅಕ್ಷರ ಸಂಕೇತವಾದ ಯುನಿಕೋಡಿಗೆ ಪರಿವರ್ತಿಸಿದ ಮೇಲೆ ಸರಿಯಾಯಿತು. ಕನ್ನಡದಲ್ಲಿ ಇಂಥ ಕೆಲಸಕ್ಕೆ ಇಳಿಯುವವರು ಮೊದಲ ದಿನವೇ ಇದನ್ನು ನೋಡಿಕೊಳ್ಳಲಿ.

ಕೊನೆಗೆ ಆನ್‌ಲೈನ್ ಪರೀಕ್ಷೆ ಇಟ್ಟು ಪ್ರಮಾಣಪತ್ರ ಕೊಡಬೇಕು ಎಂಬ ಸಲಹೆ ಬಂತು. ನಾನು ಬೇಡವೆಂದೆ. ಇಪ್ಪತ್ತು ಪ್ರಶ್ನೆಗೆ ಉತ್ತರ ಗುರುತಿಸುವುದಕ್ಕೂ ಮಳೆಯಲ್ಲಿ ನಿಂತು ಚೀಟಿ ತೆಗೆಯುವುದಕ್ಕೂ ಏನು ಸಂಬಂಧ? ಅದರ ಬದಲು ಒಂದನ್ನೇ ಲೆಕ್ಕ ಹಾಕಿದೆವು: ಈ ವಾರ ಎಷ್ಟು ದಿನ ಪೆನ್ನು ತೆಗೆಯಬೇಕಾಯಿತು, ಯಾಕೆ. ಆ "ಯಾಕೆ"ಗೆ ಬಂದ ಉತ್ತರಗಳಿಂದಲೇ ಮುಂದಿನ ವಾರದ ಇಪ್ಪತ್ತು ನಿಮಿಷ ತಯಾರಾಗುತ್ತಿತ್ತು. ಪೆನ್ನನ್ನು ನಾವು ಯಾರಿಂದಲೂ ಕಿತ್ತುಕೊಳ್ಳಲಿಲ್ಲ.

ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದವು, ಆ್ಯಪ್ ಮತ್ತೆ ಲೈನಿಗೆ ಹೋಯಿತು. ದೀಪಾವಳಿಯ ಹೊತ್ತಿಗೆ ಇಬ್ಬರನ್ನು ಬಿಟ್ಟು ಉಳಿದವರೆಲ್ಲರೂ ಕಾಗದದ ಪುಸ್ತಕವನ್ನು ಶಾಖೆಗೆ ಒಪ್ಪಿಸಿದ್ದರು. ಆ ಇಬ್ಬರ ಲೈನ್ ಇದ್ದದ್ದು ಪೆರ್ಡೂರಿನ ಒಳಭಾಗದಲ್ಲಿ, ಅಲ್ಲಿ ನೆಟ್‌ವರ್ಕಿನದೇ ತೊಂದರೆ.

ಅಣ್ಣ ಈಗ ಹೊಸಬರಿಗೆ ಕಲಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಒಂದು ವಿಡಿಯೋ ಕಳುಹಿಸಿದ್ದರು: ಕೊಡೆಯ ಹಿಡಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯನ್ನು ಬಿಡಿಸಿಕೊಳ್ಳುವುದು ಹೇಗೆ ಎಂದು. ಮಳೆಯ ಸದ್ದಿಗೆ ಅವರ ಮಾತು ಅರ್ಧ ಕೇಳಿಸುವುದೇ ಇಲ್ಲ, ಆದರೆ ಕೈ ಸ್ಪಷ್ಟವಾಗಿ ಕಾಣುತ್ತದೆ. ಹಾಗೆಯೇ ಗುಂಪಿಗೆ ಹಾಕಿದೆ.