ನೀಲಗಿರಿ ಎಣ್ಣೆ ತಂದಿಟ್ಟಿದ್ದೀರಾ? ಬಳಸೋದು ಹೀಗೆ

ಊಟಿಗೆ ಹೋದವರೆಲ್ಲ ಒಂದು ಬಾಟಲಿ ನೀಲಗಿರಿ ಎಣ್ಣೆ ತಂದೇ ತರುತ್ತಾರೆ, ಅಲ್ವಾ? ಆಮೇಲೆ ಅದು ಸುಮ್ನೆ ಕಪಾಟಿನಲ್ಲಿ ಕೂತಿರುತ್ತದೆ.

ಮೂಗು ಕಟ್ಟಿದಾಗ ಕುದಿಸಿದ ನೀರನ್ನು ಅಗಲ ಪಾತ್ರೆಗೆ ಹಾಕಿ, ಎರಡು ನಿಮಿಷ ಆರಲು ಬಿಡಿ. ಎರಡೇ ಹನಿ ಎಣ್ಣೆ ಸಾಕು. ಟವೆಲ್ ಹೊದ್ದು, ಕಣ್ಣು ಮುಚ್ಚಿ, ಮುಖ ತೀರಾ ಹತ್ತಿರ ತರದೆ ನಿಧಾನವಾಗಿ ಉಸಿರೆಳೆಯಿರಿ. ನಾನೊಮ್ಮೆ ಜಾಸ್ತಿ ಹಾಕಿದರೆ ಬೇಗ ಬಿಡುತ್ತದೆ ಅಂತ ಹತ್ತು ಹನಿ ಸುರಿದು, ಕಣ್ಣು ಉರಿದು, ಅರ್ಧ ಗಂಟೆ ಬಚ್ಚಲಲ್ಲಿ ಮುಖ ತೊಳೆಯುತ್ತಾ ನಿಂತಿದ್ದೆ.

ಮೈಕೈ ನೋವಿಗೆ ನೇರವಾಗಿ ಹಚ್ಚಬೇಡಿ. 30 ಮಿ.ಲೀ. ಕೊಬ್ಬರಿ ಎಣ್ಣೆಗೆ 10-12 ಹನಿ ಬೆರೆಸಿ. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ; ತುರಿಕೆ ಬಂದರೆ ನಿಮಗದು ಆಗಿಬರಲ್ಲ.

ನೆಲ ಒರೆಸುವ ನೀರಿಗೂ ನಾಲ್ಕು ಹನಿ ಹಾಕಬಹುದು. ಆದರೆ ಎಣ್ಣೆ ನೀರಲ್ಲಿ ಕರಗಲ್ಲ, ಮೇಲೆ ತೇಲುತ್ತದೆ. ಸ್ವಲ್ಪ ಲಿಕ್ವಿಡ್ ಸೋಪಿನಲ್ಲಿ ಕಲಸಿ ಆಮೇಲೆ ಬಕೆಟ್ಟಿಗೆ ಸುರಿಯಿರಿ. ಮನೆಯಲ್ಲಿ ಬೆಕ್ಕಿದ್ದರೆ ಈ ಕೆಲಸ ಬಿಟ್ಟೇಬಿಡಿ, ಅದಕ್ಕೆ ಇದು ವಿಷ.

ಪುಟ್ಟ ಮಕ್ಕಳ ಮೂಗಿಗೆ, ಎದೆಗೆ ಹಚ್ಚಲೇಬಾರದು. ಅಸ್ತಮಾ ಇರುವವರು, ಬಸುರಿಯರು ಡಾಕ್ಟರನ್ನು ಕೇಳಿ. ಕುಡಿಯುವುದಂತೂ ಬೇಡವೇ ಬೇಡ: ಮಕ್ಕಳು ಒಂದು ಚಮಚ ನುಂಗಿದರೂ ಫಿಟ್ಸ್ ಬರಬಹುದು, ತಕ್ಷಣ ಆಸ್ಪತ್ರೆಗೆ ಓಡಬೇಕು. ಬಾಟಲಿಯನ್ನು ಮಕ್ಕಳ ಕೈಗೆ ಸಿಗದ ಕಡೆ, ಬಿಸಿಲು ಬೀಳದ ಜಾಗದಲ್ಲಿಡಿ. ದೇವರ ದೀಪದ ಪಕ್ಕ ಬೇಡ, ಬೇಗ ಹೊತ್ತಿಕೊಳ್ಳುತ್ತದೆ.