‘ನೆರವಾದವರು’ ಅನ್ನೋ ಪದ

ಕ್ಯಾಲಿಫೋರ್ನಿಯಾದ ನಾಲ್ಕನೇ ಕ್ಲಾಸಿನಲ್ಲಿ ಸಮಾಜಪಾಠ ಅಂದರೆ ರಾಜ್ಯದ ಇತಿಹಾಸ. ನಾನು ಫ್ರೀಮಾಂಟಿನಲ್ಲಿ ಟೀಚರಾದ ಹೊಸತರಲ್ಲಿ, 21 ಸ್ಪ್ಯಾನಿಷ್ ಮಿಷನ್‌ಗಳಲ್ಲಿ ಒಂದರ ಮಾದರಿಯನ್ನು ಪ್ರತಿ ಮಗುವೂ ಮಾಡಿ ತರಬೇಕಿತ್ತು. ಮಿಷನ್ ಅಂದರೆ ಇಲ್ಲಿನ ಮೂಲನಿವಾಸಿಗಳನ್ನು ಕ್ರೈಸ್ತರಾಗಿಸಲು ಸ್ಪೇನಿನ ಪಾದ್ರಿಗಳು ಕಟ್ಟಿಸಿದ ಚರ್ಚು, ವಸತಿಗಳ ನೆಲೆ. ಸಕ್ಕರೆ ಕ್ಯೂಬಿನ ಗೋಡೆ, ಪಾಸ್ತಾದ ಹೆಂಚು. ಅರ್ಧಕ್ಕರ್ಧ ಅಪ್ಪಂದಿರ ಕೈಕೆಲಸವೇ, ಬಿಡಿ. ಒಂದು ಸೋಮವಾರ ಬಾಗಿಲು ತೆಗೆದರೆ ಸಾಂತಾ ಬಾರ್ಬರಾದ ಗೋಪುರಕ್ಕೆ ಇರುವೆ ಸಾಲು ಹತ್ತಿತ್ತು. ಸಕ್ಕರೆ ಮಾದರಿಯಿಂದ ಆ ಕಾಲ ಮಕ್ಕಳಿಗೆ ಅರ್ಥವಾಗದು, ಹಲವರಿಗೆ ನೋವೂ ಆಗುತ್ತದೆ ಎಂದು 2016ರಲ್ಲಿ ರಾಜ್ಯದ ಪಠ್ಯಚೌಕಟ್ಟೇ ಹೇಳಿದಾಗ ನನಗೂ ಧೈರ್ಯ ಬಂತು.

ಮುಂದಿನ ವರ್ಷ ಅಂಗಳದಲ್ಲಿ ಮಣ್ಣು ಕಲಸಿದೆವು. ಮಿಷನ್ನಿನ ಅಡೋಬಿ ಅಂದರೆ ನಮ್ಮ ಹಸಿ ಇಟ್ಟಿಗೆಯೇ: ಜೇಡಿಮಣ್ಣು, ಒಣಹುಲ್ಲು, ನೀರು, ಬಿಸಿಲು. ಅಜ್ಜನ ಮನೆ ಗೋಡೆ ನೋಡಿ ಬೆಳೆದವಳು, ಹದ ಗೊತ್ತು ಎಂಬ ಜಂಬ ನನಗೆ. ಹುಲ್ಲು ಸಾಲದೆ ಮೊದಲ ಸಾಲೆಲ್ಲ ಬಿರುಕುಬಿಟ್ಟಿತು. 26 ಮಕ್ಕಳು ಎರಡು ಪೀರಿಯಡ್ ತುಳಿದು ಉಳಿದದ್ದು 14 ಇಟ್ಟಿಗೆ. ಮಿಷನ್ ಕಟ್ಟಿದ ಮೂಲನಿವಾಸಿಗಳ ಬಗ್ಗೆ ಕಾಲು ತೊಳೆಯುತ್ತಾ ಒಬ್ಬಳು ಕೇಳಿದಳು: “ಅವರು ಬೇಜಾರಾದರೆ ಮನೆಗೆ ಹೋಗಬಹುದಿತ್ತಾ?”

ಪಾಠ ಅಲ್ಲಿಂದ ಶುರುವಾಯಿತು. ಇಲ್ಲ, ಹೋಗುವಂತಿರಲಿಲ್ಲ. ಕ್ರೈಸ್ತ ದೀಕ್ಷೆ ಪಡೆದ ಮೇಲೆ ಹೊರಹೋಗಲು ಅನುಮತಿ ಬೇಕಿತ್ತು. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು. ನಮ್ಮೂರಿನ ಮಿಷನ್ ಸ್ಯಾನ್ ಹೋಸೆ ಶುರುವಾದದ್ದು 1797ರಲ್ಲಿ. ಅಲ್ಲಿಂದ 1828ರಲ್ಲಿ ಹೊರಟು ಹಿಂದಿರುಗದೆ, ಬೆನ್ನಟ್ಟಿ ಬಂದ ಸೈನಿಕರ ಜೊತೆ ಕಾದಾಡಿದವನು ಯೋಕುಟ್ಸ್ ಎಂಬ ಮೂಲನಿವಾಸಿ ಜನರ ಎಸ್ತಾನಿಸ್ಲಾವೊ. ಸ್ಟಾನಿಸ್ಲಾಸ್ ನದಿ, ಕೌಂಟಿ ಎರಡೂ ಅವನ ಹೆಸರೇ ಅಂದಾಗ ಹಿಂದಿನ ಬೆಂಚಿನವರೂ ತಲೆಯೆತ್ತಿದರು.

ಮಿಷನ್ನಿಗೆ ಹೋದ ದಿನ ಸ್ವಲ್ಪ ದೂರದಲ್ಲಿರುವ, ಇಲ್ಲಿನ ಮೂಲನಿವಾಸಿಗಳಾದ ಓಲೋನಿ ಜನರ ಸ್ಮಶಾನಕ್ಕೂ ಕರೆದೊಯ್ದೆ. ಅಲ್ಲಿನ ಕಲ್ಲಿನ ಮೇಲೆ, ಮಿಷನ್ ಕಟ್ಟಲು ಪಾದ್ರಿಗಳಿಗೆ ನೆರವಾದ ನಾಲ್ಕು ಸಾವಿರ ಓಲೋನಿ ಜನ ಇಲ್ಲಿ ಮಲಗಿದ್ದಾರೆ ಎಂದಿದೆ. ನಾನು ಬಾಯಿಬಿಡಲಿಲ್ಲ. ‘ನೆರವಾದ’ ಅನ್ನೋ ಪದದ ಹತ್ತಿರ ಮಕ್ಕಳೇ ನಿಂತರು.

ಕ್ಲಾಸಿಗೆ ಬಂದು ಆ ಜಾಗಕ್ಕೆ ಬೇರೆ ಪದ ಬರೆಯಿರಿ ಅಂದೆ. ‘ಕಟ್ಟಿದ’, ‘ಬಲವಂತಕ್ಕೆ ಕಟ್ಟಿದ’ ಎಂದೆಲ್ಲ ಚೀಟಿ ಬಂದವು. ಒಬ್ಬ ಮಾತ್ರ ‘ನೆರವಾದ’ ಇರಲಿ ಎಂದು ಹಠ ಹಿಡಿದ: ಅದನ್ನು ತೆಗೆದರೆ, ಕಲ್ಲು ನೆಟ್ಟವರು ಏನು ಅಂದುಕೊಂಡಿದ್ದರು ಅಂತ ನಮಗೆ ಹೇಗೆ ಗೊತ್ತಾಗುತ್ತೆ? ಅವನ ಚೀಟಿಯನ್ನೂ ಗೋಡೆಗೆ ಅಂಟಿಸಿದೆ.