ಕೊರೆಯಾ ಕಡ್ಡಿ ನೆಡುವುದು ಹೇಗೆ?

ಮೆಲ್ಬರ್ನ್‌ನಲ್ಲಿ ಜೂನ್, ಜುಲೈ ಚಳಿಗೆ ಕುಂಡದ ಕರಿಬೇವು ಎಲೆ ಉದುರಿಸಿಕೊಂಡು ಸೊರಗುತ್ತದೆ. ಕೊರೆಯಾ ಎಂಬ ಪೊದೆಗಿಡ ಹೂ ಬಿಡುವುದು ಆಗಲೇ. ಎರಡೂ ನಿಂಬೆಯ ಕುಟುಂಬದವೇ. ಆದರೆ ಕೊರೆಯಾ ಆಸ್ಟ್ರೇಲಿಯಾದ್ದೇ ಗಿಡ, ಅಲ್ಲಿನ ಚಳಿ ಅದಕ್ಕೆ ಹೊಸದಲ್ಲ. ಕೊರೆಯಾ ರಿಫ್ಲೆಕ್ಸಾ ಎಂಬ ಜಾತಿಯ ಹೂವಂತೂ ಪುಟ್ಟ ಗಂಟೆಯಂತೆ ಕೆಳಗೆ ತೂಗುತ್ತದೆ. ಸಾಮಾನ್ಯವಾಗಿ ಮೈ ಕೆಂಪು, ಅಂಚು ಹಸಿರು ಮಿಶ್ರಿತ ಹಳದಿ. ಎಲೆ ಹಿಸುಕಿದರೆ ಘಮ್ಮೆನ್ನುತ್ತದೆ.

ಬೀಜದ ಗೋಜಿಗೆ ಹೋಗಬೇಡಿ. ಮೊಳೆಯುವುದು ನಿಧಾನ. ಜೊತೆಗೆ ಕೊರೆಯಾ ಜಾತಿಗಳು ಸುಲಭವಾಗಿ ಬೆರಕೆಯಾಗುತ್ತವೆ, ತಾಯಿಗಿಡದ ಬಣ್ಣವೇ ಬರುತ್ತದೆಂಬ ಖಾತ್ರಿಯಿಲ್ಲ. ಕಡ್ಡಿಯೇ ವಾಸಿ.

ಅಲ್ಲಿನ ಬೇಸಿಗೆ ಮುಗಿಯುವ ಹೊತ್ತಿಗೆ, ಅಂದರೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ, ಬೆಳಿಗ್ಗೆ ಕಡ್ಡಿ ಕತ್ತರಿಸಿ. ತೀರಾ ಎಳೆಯದು ಬೇಡ, ಒರಟಾದದ್ದೂ ಬೇಡ. ಈ ವರ್ಷದ ಚಿಗುರೇ ಸ್ವಲ್ಪ ಬಲಿತಿರಬೇಕು. ಎಂಟು-ಹತ್ತು ಸೆಂ.ಮೀ. ಉದ್ದ ಸಾಕು. ಎಲೆಗಳು ಜೋಡಿಜೋಡಿಯಾಗಿ ಇರುತ್ತವಲ್ಲ, ಅಂಥ ಒಂದು ಗಿಣ್ಣಿನ ಕೆಳಗೇ ಕತ್ತರಿ ಹಾಕಿ. ಕಡ್ಡಿಯ ಕೆಳಗಿನ ಅರ್ಧಭಾಗದ ಎಲೆ ಕಿತ್ತು, ತುದಿಗೆ ಬೇರು ಬರಿಸುವ ಪುಡಿ ಹಚ್ಚಿ.

ದಪ್ಪ ಮರಳು, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ ಕುಂಡಕ್ಕೆ ತುಂಬಿ. ಕಡ್ಡಿ ಚುಚ್ಚಿ ನೀರು ಹಾಕಿ, ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ ಮುಚ್ಚಿಡಿ. ನೇರ ಬಿಸಿಲು ಬೇಡ, ಬೆಳಕು ಬೇಕು. ಬೇರು ಬಂತಾ ಅಂತ ಸುಮ್ನೆ ಎಳೆದು ನೋಡಬೇಡಿ! ಒಂದೂವರೆ, ಎರಡು ತಿಂಗಳು ಹಿಡಿಯಬಹುದು.

ನೆಲಕ್ಕೆ ಇಳಿಸುವಾಗ ನೀರು ನಿಲ್ಲುವ ಜಾಗ ಮಾತ್ರ ಬೇಡವೇ ಬೇಡ. ಜೇಡಿಮಣ್ಣಾದರೆ ದಿಬ್ಬ ಮಾಡಿ ನೆಡಿ. ನೀಲಗಿರಿ ಮರದ ಬುಡದ ಅರೆನೆರಳಿಗೆ ಗುಲಾಬಿ ಬಣ್ಣದ 'ಡಸ್ಕಿ ಬೆಲ್ಸ್' ಎಂಬ ಕೊರೆಯಾ ತಳಿ ಒಳ್ಳೆಯದು. ಸಮುದ್ರದ ಹತ್ತಿರ ಮನೆಯೇ? ಬಿಳಿ ಹೂವಿನ ಕೊರೆಯಾ ಆಲ್ಬಾ ಉಪ್ಪುಗಾಳಿಗೂ ಜಗ್ಗುವುದಿಲ್ಲ.

ಕೋಳಿಗೊಬ್ಬರ ಸುರಿಯಬೇಡಿ. ಫಾಸ್ಫರಸ್ ಕಡಿಮೆ ಇರುವ, ಅಲ್ಲಿನ ಕಾಡುಗಿಡಗಳಿಗೆಂದೇ ಮಾರುವ ಗೊಬ್ಬರ ಒಂಚೂರು ಸಾಕು. ಮೊದಲ ಬೇಸಿಗೆ ದಾಟುವವರೆಗೆ ಬುಡ ನೆನೆಯುವಂತೆ ನೀರು ಕೊಡಿ. ಆಮೇಲೆ ಕೈ ಬಿಗಿಹಿಡಿಯಿರಿ. ಈ ಗಿಡಕ್ಕೆ ಆರೈಕೆ ಜಾಸ್ತಿಯಾದರೇ ಕಷ್ಟ.

ಹೂವಿನಲ್ಲಿ ಮಕರಂದ ಚೆನ್ನಾಗಿರುತ್ತದೆ. ಬಾಗಿದ ಉದ್ದ ಕೊಕ್ಕಿನ ಸ್ಪೈನ್‌ಬಿಲ್ ಹಕ್ಕಿ ಅದಕ್ಕೇ ಬರುತ್ತದೆ, ಹಾಗಾಗಿ ಹೂ ಇರುವಾಗ ಕೀಟನಾಶಕ ಹೊಡೆಯಬೇಡಿ. ಹೂ ಮುಗಿದ ಮೇಲೆ ತುದಿಗಳನ್ನಷ್ಟೇ ಚಿವುಟಿ. ಎಲೆಯಿಲ್ಲದ ಹಳೇ ಕಾಂಡದವರೆಗೆ ಬೋಳಿಸಿದರೆ ಮತ್ತೆ ಚಿಗುರುವುದು ಅನುಮಾನ.